ಮಿಲ್ಲಿನ ವಯಸ್ಸು

ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ನಮ್ಮ ಮನೆಯಿಂದ ಅರ್ಧ ಮೈಲಿ ದೂರದಲ್ಲಿ ಮೆಹಬೂಬ್ ಸಾಹೇಬರಿದ್ದರು. ಇಬ್ಬರೂ ದಾವಣಗೆರೆಯವರು. ನಾನು ಕಾರಿನ ಬಾಗಿಲು ಡಿಸೈನ್ ಮಾಡುವ ಇಂಜಿನಿಯರ್, ಅವರು ಫ್ಯಾಕ್ಟರಿಯಲ್ಲಿ ಕಾರಿನ ಸೀಟಿನ ಬಟ್ಟೆ ಹೊಲಿಯುವವರು. ಸಿಕ್ಕಾಗ ಕಾರಿನ ಮಾತು ಬರುತ್ತಿರಲಿಲ್ಲ, ಮಂಡಕ್ಕಿ ಮಿರ್ಚಿಯ ಮಾತೇ ಮಾತು.

ವಯಸ್ಸು ಕೇಳಿದರೆ ನಗುತ್ತಿದ್ದರು. "ಯಾವುದು ಬೇಕ್ರಿ ರಾಚಯ್ಯಾರೆ, ಮಿಲ್ಲಿಂದೋ, ನಮ್ಮ ಅಮ್ಮಂದೋ?"

ಅಮ್ಮನ ಲೆಕ್ಕದಲ್ಲಿ ಅವರು ಹುಟ್ಟಿದ್ದು ನಲವತ್ತೈದರಲ್ಲಿ. ಹದಿನಾಲ್ಕು ತುಂಬಿದ ಕೂಡಲೇ ಅಪ್ಪ ಕಾಟನ್ ಮಿಲ್ಲಿಗೆ ಕರೆದೊಯ್ದು, ಹುಡುಗನಿಗೆ ಹದಿನೆಂಟು ಎಂದರು. ಮಿಲ್ಲಿನ ಡಾಕ್ಟರು ಬಾಯಿ ತೆಗೆಸಿ ಹಲ್ಲು ನೋಡಿ, ಬೆನ್ನು ತಟ್ಟಿ ಒಳಗೆ ಕಳಿಸಿದರು. ಈ ಸುಳ್ಳು ಹೇಳದ ಅಪ್ಪಂದಿರು ನಮ್ಮೂರಲ್ಲಿ ಕಡಿಮೆ. ಆರು ವರ್ಷ ದೊಡ್ಡವರಾದ ಅಣ್ಣ ತಾರಿಕ್ ಓದಿನಲ್ಲಿ ಜಾಣರು. ತಮ್ಮನ ಸಂಬಳದಲ್ಲಿ ಓದಿ ಇಂಜಿನಿಯರ್ ಆದರು, ಅಮೆರಿಕ ಸೇರಿದರು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದು ಬೀಗಿದವರಲ್ಲಿ ನಾನೂ ಒಬ್ಬ. ಬೀಗುವವರು ಯಾರೂ ಮಿಲ್ಲಿನೊಳಗೆ ಅರಳೆ ಬಿಡಿಸುವ ಕೋಣೆಗೆ ಕಾಲಿಟ್ಟವರಲ್ಲ. ಮೆಹಬೂಬ್ ಅಲ್ಲಿ ಮೂವತ್ತು ವರ್ಷ ಹತ್ತಿಯ ದೂಳು ಕುಡಿದರು. ಮಿಲ್ಲು ಮುಚ್ಚಿತು, ಕೆಮ್ಮು ಉಳಿಯಿತು. ತೊಂಬತ್ತೆಂಟರಲ್ಲಿ ಅಣ್ಣ ಅರ್ಜಿ ಹಾಕಿ ಕರೆಸಿಕೊಂಡಾಗ ಅದನ್ನೂ ಹೊತ್ತು ತಂದರು. ಪಾಸ್‌ಪೋರ್ಟಿಗೆ ಮಿಲ್ಲಿನ ವಯಸ್ಸೇ ಏರಿತ್ತು.

ಎರಡು ಸಾವಿರದ ಏಳರ ಹೊತ್ತಿಗೆ ಮೂಗಿಗೆ ಆಕ್ಸಿಜನ್ ನಳಿಗೆ ಬಂತು. ಶ್ವಾಸಕೋಶ ಬದಲಿಸುವುದೊಂದೇ ದಾರಿ ಎಂದರು ಡಾಕ್ಟರು. ಆದರೆ ಆ ಆಸ್ಪತ್ರೆಯಲ್ಲಿ ಅರವತ್ತೈದು ದಾಟಿದವರಿಗೆ ಬದಲಿಸುತ್ತಿರಲಿಲ್ಲ. ಸಾಹೇಬರಿಗೆ ನಿಜವಾಗಿ ಅರವತ್ತೆರಡು, ಕಾಗದದಲ್ಲಿ ಅರವತ್ತಾರು. ಅಪ್ಪ ಸೇರಿಸಿದ ನಾಲ್ಕು ವರ್ಷ ಅಂದು ಮಿಲ್ಲಿನ ಬಾಗಿಲು ತೆಗೆಸಿತ್ತು, ಇಂದು ಈ ಬಾಗಿಲು ಮುಚ್ಚಿಸಿತು. ನನಗೆ ಯಾರನ್ನು ಬೈಯಬೇಕೋ ತಿಳಿಯಲಿಲ್ಲ.

ವಕೀಲರನ್ನು ವಿಚಾರಿಸಿದೆ. ಹುಟ್ಟಿದ್ದನ್ನು ಬಲ್ಲ ಹಿರಿಯರೊಬ್ಬರು ಪ್ರಮಾಣ ಮಾಡಿ ಬರೆದುಕೊಟ್ಟರೆ ತಿದ್ದಿಸಬಹುದು ಎಂದರು. ಅಂಥವರು ಉಳಿದಿದ್ದುದು ತಾರಿಕ್ ಒಬ್ಬರೇ. ಮೆಹಬೂಬ್ ಹುಟ್ಟಿದ ದಿನ ಓಣಿಗೆಲ್ಲ ತಾವೇ ಸಕ್ಕರೆ ಹಂಚಿದ್ದನ್ನು ಅವರು ಎಷ್ಟೋ ಸಲ ಹೇಳಿದ್ದರು. ಸಾಹೇಬರನ್ನೂ ಅವರ ಹೆಂಡತಿ ಷಹನಾಜ್ ಅವರನ್ನೂ ಕಾರಿನಲ್ಲಿ ಕೂರಿಸಿಕೊಂಡು ನೋವೈಗೆ, ತಾರಿಕ್ ಮನೆಗೆ ಹೋದೆ.

ಕೇಳಿದೊಡನೆ ತಾರಿಕ್ ಮುಖ ಬಿಳಿಚಿತು.

"ಅರ್ಜಿಗೆ ಸುಳ್ಳು ಡೇಟ್ ಹಾಕಿದ್ದೆ ಅಂತ ನಾನೇ ಗವರ್ನಮೆಂಟಿಗೆ ಬರೆದುಕೊಡ್ಲೇನ್ರೀ? ಈಗಿನ ಕಾಲದಾಗೆ, ನಮ್ಮಂಥ ಹೆಸರು ಇಟ್ಕೊಂಡು? ಇವನ್ನ ವಾಪಸ್ ಕಳಿಸ್ತಾರೆ. ನನ್ನೂ ಬಿಡಲ್ಲ."

ಆ ಹೆದರಿಕೆ ಹುಸಿಯಲ್ಲ. ನ್ಯೂಯಾರ್ಕಿನ ಗೋಪುರಗಳು ಬಿದ್ದ ಮೇಲೆ ಸರ್ಕಾರದ ಇಬ್ಬರು ಅವರ ಮನೆಗೆ ಬಂದು, ಸೋಫಾದ ಮೇಲೆ ಕೂತು, ಏನೇನೋ ಕೇಳಿ ಹೋಗಿದ್ದರು. ಅದು ಗೊತ್ತಿದ್ದೂ ನನಗೆ ಮೈ ಉರಿಯಿತು. "ಇದು ಜೀವದ ಪ್ರಶ್ನೆ ರೀ" ಎಂದೆ. ಷಹನಾಜ್ ಸೆರಗು ಒಡ್ಡಿ ಬೇಡಿಕೊಂಡರು. ತಾರಿಕ್ ಕೈ ಮುಗಿದು, ಆಗಲ್ಲ ಎಂದರು.

ಮೆಹಬೂಬ್ ಆಕ್ಸಿಜನ್ ಸಿಲಿಂಡರಿನ ಹಿಡಿ ಹಿಡಿದು ಎದ್ದರು. "ನಡೀರಿ ರಾಚಯ್ಯಾರೆ. ಅಣ್ಣ ಬ್ಯಾಡ ಅಂದಮೇಲೆ ಮುಗೀತು."

ಕಾರಿನಲ್ಲಿ ನಾನು ರೇಗಿದೆ. ಅವರು ಉಸಿರು ಎಳೆದು ಎಳೆದು ಹೇಳಿದ್ದು ಇಷ್ಟೇ: "ಅವನು ಓದಿದೋನು. ಅವನಿಗೆ ಗೊತ್ತಿರ್ತದೆ." ಇಂಥ ಒಳ್ಳೆಯತನಕ್ಕೆ ಏನೆನ್ನಬೇಕು? ನನಗೆ ಅವರ ಮೇಲೂ ಸಿಟ್ಟು ಬಂತು, ಆಮೇಲೆ ಅಳು ಬಂತು.

ಆ ಚಳಿಗಾಲ ಅವರು ದಾಟಲಿಲ್ಲ. ನೆಲ ಹೆಪ್ಪುಗಟ್ಟಿದ್ದರಿಂದ ಗುಂಡಿ ತೋಡಲು ಯಂತ್ರ ತರಿಸಬೇಕಾಯಿತು.

ಹಿಮ ಕರಗಿದ ಮೇಲೆ ಷಹನಾಜ್, ತಾರಿಕ್, ನಾನು ಗೋರಿಕಲ್ಲಿಗೆ ಹೇಳಲು ಹೋದೆವು. ಅಂಗಡಿಯವನು ಹುಟ್ಟಿದ ವರ್ಷ ಕೇಳಿದ. ತಾರಿಕ್ ರೂಢಿಯಂತೆ ನಲವತ್ತೊಂದು ಎಂದರು.

"ನಲವತ್ತೈದು ಅನ್ರಿ, ಭಾಯ್‌ಸಾಬ್" ಎಂದರು ಷಹನಾಜ್. ಅಷ್ಟು ಸಿಟ್ಟಿನಲ್ಲೂ ಮರ್ಯಾದೆ ಬಿಡಲಿಲ್ಲ. "ಇನ್ನು ಅವರ್ನ ಯಾರೂ ಎಲ್ಲಿಗೂ ವಾಪಸ್ ಕಳಸಲ್ಲ."

ಕೆತ್ತಿದ ಮೇಲೆ ತಿದ್ದಲು ಬರುವುದಿಲ್ಲ, ವರ್ಷ ಸರಿಯಿದೆ ಎಂದು ಮನೆಯವರೊಬ್ಬರು ಸಹಿ ಹಾಕಿ ಎಂದ ಅಂಗಡಿಯವನು. ಷಹನಾಜ್ ಹಾಳೆಯನ್ನು ತಾರಿಕ್ ಮುಂದೆ ಸರಿಸಿದರು.

"ನೀವೇ ಹಾಕ್ರಿ. ಸಕ್ಕರೆ ಹಂಚಿದೋರು ನೀವೇ ಅಲ್ಲೇನು?"

ತಾರಿಕ್ ಸಹಿ ಹಾಕಿದರು.