ಸೂಜಿ ಓಬಳಪ್ಪನ ಹುಲಿಗಳು

ಓಬಳಪ್ಪನ ಸೈಕಲ್ ಊರೊಳಗೆ ಬಂತೆಂದರೆ ಆರು ವರ್ಷದೊಳಗಿನ ಒಂದು ಮಗುವೂ ಬೀದಿಯಲ್ಲಿ ಉಳಿಯುತ್ತಿರಲಿಲ್ಲ. ಜಗಳೂರು ತಾಲ್ಲೂಕಿನಲ್ಲಿ ಅವನದು ಮಲೇರಿಯಾ ಕೆಲಸ. ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ರಕ್ತ ಹಿಡಿದು, ಮನೆಯ ಗೋಡೆಗೆ ಕೆಮ್ಮಣ್ಣಿನ ಜಾಜಿನಲ್ಲಿ ಬ್ರಷ್ಷಿನಿಂದ ತಾರೀಖು ಬರೆದು ಮುಂದಿನ ಮನೆಗೆ ಹೋಗುತ್ತಿದ್ದ. ತಾಯಂದಿರಿಗೆ ಅವನಿಂದ ಬೇರೆ ಉಪಯೋಗವೂ ಇತ್ತು. "ಉಣ್ತೀಯೋ, ಸೂಜಿ ಓಬಳಪ್ಪನ್ನ ಕರೀಲೋ?" ಎಂದರೆ ಸಾಕು, ತಟ್ಟೆ ಖಾಲಿ.

ಇದನ್ನೆಲ್ಲ ಅವನು ನಕ್ಕು ನುಂಗಿಕೊಂಡಿದ್ದ. ನುಂಗಲಾಗದ್ದು ಒಂದೇ. ಅವನ ನಾಲ್ಕು ವರ್ಷದ ಮಗಳು ಗಾದ್ರಮ್ಮನೂ ಅಪ್ಪ ಮನೆಗೆ ಬಂದೊಡನೆ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದಳು. ಅವನು ತಂದ ಬತ್ತಾಸನ್ನು ಬಾಯಲ್ಲೇ ಕಚ್ಚಿಕೊಂಡು ಓಡುತ್ತಿದ್ದಳು.

1979ರ ನವೆಂಬರಿನಲ್ಲಿ ಬಾಲವಾಡಿ ಟೀಚರು ಸರ್ವಮಂಗಳಮ್ಮ ಅವನ ಸೈಕಲ್ ನಿಲ್ಲಿಸಿದರು. ಮಕ್ಕಳ ದಿನಾಚರಣೆಗೆ ಹದಿನಾಲ್ಕು ಮಕ್ಕಳಿಗೂ ಹುಲಿಮುಖ ಬರೆಯಬೇಕಿತ್ತು. ನೋಡಲು ತಾಲ್ಲೂಕಿನಿಂದ ಅಧಿಕಾರಿ ಮೇಡಂ ಬರುವವರಿದ್ದರು.

"ನಂಗೆ ತಾರೀಖು ಬರಿಯಾಕಷ್ಟೇ ಬರ್ತೈತೆ, ಟೀಚರೇ."

"ಊರಾಗೆ ಬ್ರಷ್ ಹಿಡಿಯೋರು ನೀವೊಬ್ರೇ ಅಲ್ವೇನ್ರೀ? ಗೋಡೆ ಅಂತ ತಿಳ್ಕಂಡು ಬರೀರಿ."

ಆ ಹದಿನಾಲ್ಕರಲ್ಲಿ ಗಾದ್ರಮ್ಮನೂ ಒಬ್ಬಳು. ತನ್ನ ಕೈಯಿಂದ ಹುಲಿಯಾದವಳು ತನಗೆ ಹೆದರಲಾರಳು ಎಂದುಕೊಂಡು ಓಬಳಪ್ಪ ಒಪ್ಪಿದ. ಬಿಳಿ ಸಪೇತದ ಪುಡಿ, ಅರಿಶಿನ, ಕಾಡಿಗೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮೂರು ದಿನ ಹೆಂಡತಿ ಬೊಮ್ಮಕ್ಕನ ಮುಖದ ಮೇಲೆ ಕೈ ಪಳಗಿಸಿದ. ಮುಖ ಗೋಡೆಯಂತಲ್ಲ ಎಂಬುದು ಮೊದಲ ದಿನವೇ ತಿಳಿಯಿತು. ಗೋಡೆಗೆ ಕಚಗುಳಿ ಇಲ್ಲ. ಗೋಡೆ ನಡುವೆ ಎದ್ದು ಹೋಗಿ ಸಾರಿಗೆ ಉಪ್ಪು ಹಾಕಿ ಬರುವುದೂ ಇಲ್ಲ.

ಮೂರನೆಯ ದಿನ ಬೊಮ್ಮಕ್ಕ ಕನ್ನಡಿ ನೋಡಿಕೊಂಡು, "ಹುಲಿ ಎಲ್ಲಿ ಬಂತು? ನಿಮ್ಮವ್ವ ಬಂದಂಗೈತೆ," ಎಂದಳು.

"ನಾನು ಇಲ್ಲೇ ಇದೀನಿ ಕಣೇ," ಎಂದು ಅತ್ತೆ ಒಳಗಿನಿಂದ ಕೂಗಿದರು.

ದಿನಾಚರಣೆಯ ಬೆಳಿಗ್ಗೆ ಓಬಳಪ್ಪ ಬಣ್ಣದ ಬಟ್ಟಲುಗಳೊಂದಿಗೆ ಬಾಲವಾಡಿಯ ಚಾಪೆಯ ಮೇಲೆ ಕುಳಿತ. ಮೊದಲ ಹುಡುಗನ ಗದ್ದ ಹಿಡಿದದ್ದೇ ತಡ, ಅವನು "ಸೂಜೀ!" ಎಂದು ಚೀರಿದ. ಇಪ್ಪತ್ತೆಂಟು ಕೈಗಳು ಒಟ್ಟಿಗೆ ಬೆನ್ನ ಹಿಂದೆ ಹೋದವು. ಟೀಚರು ಪೆಪ್ಪರಮಿಂಟು ತೋರಿಸಿದರು, ಆಮೇಲೆ ಬೆತ್ತ ತೋರಿಸಿದರು. ಒಂದು ಮಗುವೂ ಮುಂದೆ ಬರಲಿಲ್ಲ.

ಕೊನೆಗೆ ಟೀಚರ ಸೀರೆಯ ಮರೆಯಿಂದ ಗಾದ್ರಮ್ಮನ ದನಿ ಬಂತು. "ಅಪ್ಪ ಕೈ ಹಿಂದಕ್ಕೆ ಇಟ್ಕಳ್ಲಿ. ನಾವು ಬರೀತೀವಿ."

ಓಬಳಪ್ಪ ಬ್ರಷ್ ಕೆಳಗಿಟ್ಟು ಕೈ ಹಿಂದಕ್ಕೆ ಕಟ್ಟಿಕೊಂಡ. ಮಕ್ಕಳು ಜೇನಿನಂತೆ ಮುತ್ತಿದರು. ಹಣೆಯ ಮೇಲೆ ಎರಡು ಕಣ್ಣು, ಕಿವಿಯವರೆಗೆ ಒಂದೇ ಮೀಸೆ, ಬೋಳುತಲೆಯ ಮೇಲೆ ಯಾರದೋ ಅರಿಶಿನದ ಅಂಗೈ. ಅಷ್ಟರಲ್ಲಿ ಮೇಡಂ ಬಂದವರು ಬಾಗಿಲಲ್ಲೇ ನಿಂತರು.

"ಇದು ಯಾವ ವೇಷ?"

"ಮಲೇರಿಯಾ, ಮೇಡಂ," ಎಂದರು ಸರ್ವಮಂಗಳಮ್ಮ, ತಡವರಿಸದೆ. "ಈಗ ಹುಲಿಗಳು ಬಂದು ಓಡಿಸ್ತಾವೆ."

ಓಡಿಸಬೇಕೆಂದರೆ ಹುಲಿಯಾಗಲೇಬೇಕು. ಮಕ್ಕಳು ನೂಕಾಡಿಕೊಂಡು ಸಾಲು ನಿಂತರು. ಓಬಳಪ್ಪ ಹದಿನಾಲ್ಕು ಮುಖ ಬರೆದ. ರೂಢಿಯ ಬಲ, ಪ್ರತಿ ಕೆನ್ನೆಯ ಅಂಚಿಗೂ 14-11-79 ಎಂದು ಬರೆದ. ಮೇಡಂ ಒಂದೊಂದು ಕೆನ್ನೆಯನ್ನೂ ಓದಿ, "ದಾಖಲೆ ಅಚ್ಚುಕಟ್ಟಾಗಿದೆ," ಎಂದರು. ಆಮೇಲೆ ಹುಲಿಗಳು ಅವನನ್ನು ಊರ ಬಾವಿಯವರೆಗೆ ಅಟ್ಟಿಸಿಕೊಂಡು ಹೋದವು. ಎಲ್ಲರಿಗಿಂತ ಮುಂದೆ ಗಾದ್ರಮ್ಮ.

ಮರುವಾರ ಅವಳಿಗೇ ಜ್ವರ ಬಂತು. ಓಬಳಪ್ಪ ಸೂಜಿ ತೆಗೆಯಲಾರದೆ ಕೂತ.

"ಮೊದ್ಲು ಹುಲಿ ಮೀಸೆ ಬರಿ," ಎಂದಳು ಮಗಳು.

ಬರೆದ. ಅವಳು ಕನ್ನಡಿ ನೋಡಿಕೊಂಡು, ಕೈ ಬೆನ್ನ ಹಿಂದೆಯೇ ಇಟ್ಟುಕೊಂಡು, ಕಾಲು ಚಾಚಿದಳು.

"ಕೈ ಕೊಡಲ್ಲ. ಕಾಲಾಗೆ ತಗಾ."

ಓಬಳಪ್ಪ ಕಾಲಿನ ಹೆಬ್ಬೆರಳು ಒರೆಸಿ, ಚುಚ್ಚಿ, ಒಂದು ತೊಟ್ಟು ಹಿಡಿದ. ಅವಳು ಅಳಲಿಲ್ಲ. ಅತ್ತರೆ ಮೀಸೆ ಕರಗೀತೆಂದು ಮೂಗು ಮೇಲೆತ್ತಿ ಕೂತಿದ್ದಳು.