ಮೂಗಣ್ಣ ಮೆಚ್ಚಿದ ಬಿಯರ್

ನೀರು ಸರಬರಾಜು ಇಲಾಖೆಯ ಪರೀಕ್ಷಾ ಕೊಠಡಿಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವನಿಗೆ ಅಲ್ಲಿಯವರೇ ಇಟ್ಟ ಹೆಸರು ಮೂಗಣ್ಣ. ಊರಿನ ನಲ್ಲಿಗಳಿಂದ ಬಂದ ಬಾಟಲಿಗಳ ಮುಚ್ಚಳ ತೆಗೆದು ಮೂಸಿ, ಇದರಲ್ಲಿ ಪಾಚಿ, ಇದರಲ್ಲಿ ತುಕ್ಕು, ಇದು ಬಂದ ಕಡೆ ಎಲ್ಲೋ ಚರಂಡಿ ಸೋರುತ್ತಿದೆ ಎಂದು ಹೇಳುವುದು ಅವನ ಕೆಲಸ. ಯಂತ್ರ ಮಧ್ಯಾಹ್ನಕ್ಕೆ ಹೇಳುವುದನ್ನು ಅವನು ಬೆಳಿಗ್ಗೆಯೇ ಹೇಳಿಬಿಡುತ್ತಿದ್ದ. ಈ ಗುಣದಿಂದ ಮನೆಯಲ್ಲಿ ಹೆಂಡತಿಗೆ ಸುಖವೇನೂ ಇರಲಿಲ್ಲ. ಫ್ರಿಜ್ಜಿನ ಬಾಗಿಲು ತೆರೆದರೆ ಸಾಕು, ಅವನ ಮುಖ ಕಿವುಚಿಕೊಳ್ಳುತ್ತಿತ್ತು. "ನಿಮ್ಮನ್ನ ಕಟ್ಕೊಂಡ ಮೇಲೆ ಈ ಮನೇಲಿ ನಿನ್ನೆ ಸಾರು ಅನ್ನೋದೇ ಉಳಿದಿಲ್ಲ" ಎಂದು ಅವಳು ಗೊಣಗುತ್ತಿದ್ದಳು.

ಆ ಮೂಗಿಗೆ ನಿಜವಾದ ಮರ್ಯಾದೆ ಸಿಕ್ಕಿದ್ದು ವೆಲ್ಡರನ ಬಿಯರ್ ಅಂಗಡಿಯಲ್ಲಿ. ವೆಲ್ಡರ್ ಮೂವತ್ತು ವರ್ಷ ಗೇಟು, ಗ್ರಿಲ್ಲು ಮಾಡಿ ಬೇಸತ್ತು, ತನ್ನ ಶೆಡ್ಡಿನಲ್ಲೇ ಸ್ಟೀಲಿನ ತೊಟ್ಟಿಗಳನ್ನು ತಾನೇ ಬೆಸುಗೆ ಹಾಕಿ ಬಿಯರ್ ಮಾಡಲು ಕುಳಿತವನು. ಮುಂದಿನ ಭಾಗದಲ್ಲಿ ನಾಲ್ಕು ಮೇಜು, ಗೋಡೆಗೆ ಆರು ನಲ್ಲಿ, ಒಂದು ಕಪ್ಪು ಬೋರ್ಡು. ಮಾತು ಕಡಿಮೆ, ಆದರೆ ಶುಚಿಯಲ್ಲಿ ಮಹಾ ಹಟವಾದಿ. ಎರಡು ವಾರಕ್ಕೊಮ್ಮೆ ಪೈಪುಗಳನ್ನೆಲ್ಲ ಬಿಚ್ಚಿ, ಬ್ರಷ್ ತೂರಿಸಿ, ತೊಳೆದ ನೀರನ್ನು ಬಿಳಿ ಬಟ್ಟಲಿನಲ್ಲಿ ಹಿಡಿದು ಬೆಳಕಿಗೆ ನೋಡದೆ ಬಿಡುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಅಲ್ಲಿ ಮೂವರು ಸೇರುತ್ತಿದ್ದರು: ಮೂಗಣ್ಣ, ಎರಡು ಬೀದಿ ಆಚೆ ಕ್ಲಿನಿಕ್ ಇಟ್ಟಿದ್ದ ಹಲ್ಲಿನ ಡಾಕ್ಟರಮ್ಮ, ಮತ್ತು ಒಬ್ಬ ವಿಮೆ ಏಜೆಂಟ್. ಹೀಗೆ ಸಣ್ಣದಾಗಿ ಕೈಯಾರೆ ಮಾಡುವ ಕ್ರಾಫ್ಟ್ ಬಿಯರಿನ ಬಗ್ಗೆ ಏಜೆಂಟ್ ಓದದ ಪುಸ್ತಕವಿರಲಿಲ್ಲ, ಓದಿದ್ದನ್ನು ಹೇಳದೆ ಬಿಟ್ಟ ದಿನವಿರಲಿಲ್ಲ. ಒಂದು ಲೋಟ ಮುಂದಿಟ್ಟುಕೊಂಡು ಮೊಳಕೆ ಬಾರ್ಲಿಯ ಮಾಲ್ಟ್ ಎಷ್ಟು ಹುರಿದಿದೆ, ಹಾಪ್ಸ್ ಹೂವಿನ ಕಹಿ ನಾಲಿಗೆಯ ತುದಿಯಲ್ಲಿದೆಯೋ ಹಿಂಬದಿಯಲ್ಲಿದೆಯೋ ಎಂದು ಎರಡು ಗಂಟೆ ಚರ್ಚೆ ನಡೆಯುತ್ತಿತ್ತು. ಕೊನೆಗೆ ಎಲ್ಲರೂ ಮೂಗಣ್ಣನ ಮುಖ ನೋಡುತ್ತಿದ್ದರು. ಅವನು ಲೋಟ ತಿರುಗಿಸಿ, ಮೂಸಿ, ಒಂದು ಗುಟುಕು ಕುಡಿದು ಏನು ಹೇಳುತ್ತಾನೋ ಅದೇ ತೀರ್ಪು. ಕಚೇರಿಯಲ್ಲಿ ಅವನ ಮೂಗು ಬರೀ ಕೊಳಕನ್ನು ಹುಡುಕುತ್ತಿತ್ತು. ಇಲ್ಲಿ ಮೆಚ್ಚಲು ಕಲಿತಿತ್ತು. ಆ ಶನಿವಾರಗಳಿಗಾಗಿ ಅವನು ವಾರವಿಡೀ ಕಾಯುತ್ತಿದ್ದ.

ಒಂದು ದಿನ ಪೀಪಾಯಿ ಎತ್ತಲು ಹೋಗಿ ವೆಲ್ಡರನ ಸೊಂಟ ಹಿಡಿದುಕೊಂಡಿತು. ಮೂರು ತಿಂಗಳು ಏಳಬಾರದು ಎಂದರು ಆಸ್ಪತ್ರೆಯವರು. ಅಂಗಡಿ ಅಳಿಯನ ಕೈಗೆ ಬಂತು. ಅಳಿಯ ಬೋರ್ಡು ಬರೆಯುವ ಕಸುಬಿನವನು. ಅಕ್ಷರ ಮುತ್ತಿನಂಥದು, ಮಾತು ಬೆಣ್ಣೆಯಂಥದು. ಪೈಪು ಬಿಚ್ಚುವುದು ಮಾತ್ರ ಅವನಿಗೆ ಆಗದ ಕೆಲಸ. ಎರಡು ತಿಂಗಳಲ್ಲಿ ಮೂರನೇ ನಲ್ಲಿಯ ಬಿಯರ್ ಹುಳಿಗಟ್ಟಿತು. ಅಳಿಯ ಅದನ್ನು ಚೆಲ್ಲಲಿಲ್ಲ. ಬೋರ್ಡಿನ ಮೇಲೆ 'ಕಾಡು ಹುಳಿ — ಹೊಸ ರುಚಿ' ಎಂದು ಚೆಂದವಾಗಿ ಬರೆದ.

ಆ ಶನಿವಾರ ಲೋಟ ಮುಂದೆ ಬಂದ ಕೂಡಲೇ ಮೂಗಣ್ಣ ತಲೆ ಹಿಂದಕ್ಕೆಳೆದುಕೊಂಡ. ಕಮಟು ಬೆಣ್ಣೆ, ಒದ್ದೆ ಕಾಲುಚೀಲ, ಅದರ ಕೆಳಗೆ ನೆಲ ಒರೆಸಿ ಮೂಲೆಗೆಸೆದ ಬಟ್ಟೆಯ ವಾಸನೆ. ಅಷ್ಟರಲ್ಲಿ ಏಜೆಂಟ್ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡಿದ್ದ. ಇಂಥದನ್ನು ಮಾಡಲು ಹೊರದೇಶದಲ್ಲಿ ವರ್ಷಗಟ್ಟಲೆ ಕಾಯುತ್ತಾರೆ, ಇದು ಎಲ್ಲರ ನಾಲಿಗೆಗೂ ಹತ್ತುವುದಿಲ್ಲ ಎಂದ. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ ಮೂಗಣ್ಣನತ್ತ ನೋಡಿದರು. ಅಳಿಯ ಕೈಕಟ್ಟಿ ಪಕ್ಕದಲ್ಲೇ ನಿಂತಿದ್ದ. ನಾಲಿಗೆಗೆ ಹತ್ತದವರ ಸಾಲಿಗೆ ತಾನು ಸೇರುವುದೇ ಎಂಬ ಒಂದು ಗಳಿಗೆಯ ಅಳುಕು. ಮೂಗಣ್ಣ ನುಂಗಿದ. "ಆಳ ಇದೆ" ಅಂದ.

ಮನೆಗೆ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿದರೂ ಆ ರುಚಿ ಹೋಗಲಿಲ್ಲ. ಮುಂದಿನ ವಾರ ಹೋದಾಗ ಬೋರ್ಡಿನ ಮೇಲೆ ಇನ್ನೊಂದು ಸಾಲು ಸೇರಿತ್ತು: 'ಮೂಗಣ್ಣ ಮೆಚ್ಚಿದ್ದು'. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವನು ಅಂದೂ ಬಾಯಿ ಬಿಡಲಿಲ್ಲ. ಹೇಳಿದ್ದನ್ನು ನುಂಗುವುದಕ್ಕಿಂತ ಬಿಯರ್ ನುಂಗುವುದೇ ಸುಲಭ ಎನಿಸಿತು.

ಮೂರನೇ ಶನಿವಾರ ಪಕ್ಕದ ಮೇಜಿನಲ್ಲಿ ಗಂಡ ಹೆಂಡತಿ ಬಂದು ಕುಳಿತರು. ಹೆಂಡತಿ ಒಂದು ಗುಟುಕಿಗೇ ಮುಖ ಸಿಂಡರಿಸಿ ಲೋಟ ದೂರ ತಳ್ಳಿದಳು. ಗಂಡ ಬೋರ್ಡು ತೋರಿಸಿದ. "ತಿಳಿದೋರು ಮೆಚ್ಚಿದಾರೆ ಕಣೇ. ನಮಗೇ ರುಚಿ ಗೊತ್ತಿಲ್ಲ ಅಷ್ಟೆ. ಕುಡಿ."

ಆಕೆ ಬೋರ್ಡನ್ನೊಮ್ಮೆ, ಲೋಟವನ್ನೊಮ್ಮೆ ನೋಡಿದಳು. ಔಷಧಿ ಕುಡಿಯುವ ಮಗುವಿನ ಹಾಗೆ ಉಸಿರು ಬಿಗಿಹಿಡಿದು ಎತ್ತಿದಳು.

ಮೂಗಣ್ಣನಿಗೆ ತನ್ನ ಮೇಲೇ ವಾಕರಿಕೆ ಬಂತು. ಎದ್ದು ಹೋಗಿ ಆಕೆಯ ಕೈಯಿಂದ ಲೋಟ ತೆಗೆದುಕೊಂಡ. "ಬೇಡಮ್ಮ, ಇದು ಕೆಟ್ಟಿದೆ. ನಿಮ್ಮ ನಾಲಿಗೆ ಸರಿಯಾಗೇ ಇದೆ" ಎಂದ. ಆಮೇಲೆ ಗೋಡೆಗೆ ತೂಗುಹಾಕಿದ್ದ ಸ್ಪ್ಯಾನರ್ ತೆಗೆದು, ಅಳಿಯ ತಡೆಯುವಷ್ಟರಲ್ಲಿ ಮೂರನೇ ನಲ್ಲಿಯನ್ನು ಬಿಚ್ಚಿ, ಅದನ್ನು ಒಂದು ಬಿಳಿ ಸಾಸರಿನ ಮೇಲೆ ಬಡಿದ. ಕಂದು ಬಣ್ಣದ ಲೋಳೆ ಗೊಣ್ಣೆಯ ಹಾಗೆ ಇಳಿದು, ಹರಿಯಲೂ ಸೋಮಾರಿಯಾಗಿ ಅಲ್ಲೇ ಗುಡ್ಡೆಯಾಗಿ ಕುಳಿತಿತು. ಅದರಲ್ಲಿ ಕರಿ ಬೂಷ್ಟಿನ ಚೂರುಗಳಿದ್ದವು.

ಡಾಕ್ಟರಮ್ಮ ಬಗ್ಗಿ ನೋಡಿದರು. ವರ್ಷಗಟ್ಟಲೆ ಬ್ರಷ್ ಕಾಣದ ಬಾಯಲ್ಲಿ ಇದನ್ನು ನೋಡಿದ್ದೇನೆ ಎಂದು ತಣ್ಣಗೆ ಹೇಳಿ, ಕರವಸ್ತ್ರ ಬಾಯಿಗೊತ್ತಿಕೊಂಡು ಹೊರಗೆ ಹೋದರು. ಏಜೆಂಟ್ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಹುಳಿ ಬಿಯರಿಗೆ ಇಂಥ ಜೀವಾಣುಗಳೇ ಪ್ರಾಣ ಎಂದು ವಾದಿಸುತ್ತಾ ತನ್ನ ಲೋಟವನ್ನು ಖಾಲಿ ಮಾಡಿದ. ಅವನ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡಲಾರದೆ ಮೂಗಣ್ಣ ಮುಖ ತಿರುಗಿಸಿದ.

ಅಲ್ಲಿಂದ ನೇರ ವೆಲ್ಡರನ ಮನೆಗೆ ಹೋದ. ಸಾಸರಿನ ಮೇಲೆ ಇನ್ನೊಂದು ಸಾಸರು ಮುಚ್ಚಿ ಕೈಯಲ್ಲೇ ಹಿಡಿದಿದ್ದ. ಹಲಗೆಯ ಮಂಚದ ಮೇಲೆ ಮಲಗಿದ್ದ ವೆಲ್ಡರ್ ಮುಚ್ಚಳ ತೆಗೆದು ನೋಡಿದ. ಲೋಳೆಯನ್ನು ಬೆರಳಿನಿಂದ ಮುಟ್ಟಿ ಮೂಸಿದ. ಅಳಿಯನನ್ನು ಬೈಯುತ್ತಾನೆ ಎಂದು ಮೂಗಣ್ಣ ಕಾದ.

"ನಿಂಗೆ ಯಾವತ್ತು ಗೊತ್ತಾಯ್ತು?" ಎಂದು ವೆಲ್ಡರ್ ಕೇಳಿದ.

"ಎರಡು ವಾರ ಆಯ್ತು."

"ಮೊದಲನೇ ದಿನಾನೇ?"

"ಹೂಂ. ಮೂಗಿಗೆ ಹಿಡಿಯೋ ಮುಂಚೇನೇ."

"ಅವನಿಗೆ ಗೊತ್ತಾಗಲ್ಲ, ಬೋರ್ಡು ಬರೆಯೋನು" ಎಂದು ವೆಲ್ಡರ್ ಸಾಸರನ್ನು ನೆಲಕ್ಕಿಟ್ಟ. "ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಜನಕ್ಕೆ ಕುಡಿಸ್ದೆ."

ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ವೆಲ್ಡರ್ ಸಾಸರನ್ನು ನೋಡಿದ ಮುಖದಲ್ಲೇ ಅವನನ್ನೂ ನೋಡಿದ್ದ.

ಮರುದಿನ ವೆಲ್ಡರ್ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಮಗಳ ಭುಜ ಹಿಡಿದು ಅಂಗಡಿಗೆ ಬಂದ. ಕುರ್ಚಿಯಲ್ಲಿ ಕುಳಿತೇ ಆರೂ ನಲ್ಲಿಗಳ ಬಿಯರನ್ನು ಮೋರಿಗೆ ಬಿಡಿಸಿದ. ಹಳೆಯ ಪೈಪುಗಳನ್ನೆಲ್ಲ ಕತ್ತರಿಸಿ ಎಸೆಸಿದ. ಮೂಗಣ್ಣ ಅಂಗಿಯ ತೋಳು ಮಡಿಸಿಕೊಂಡು ಬಂದು ಬ್ರಷ್ಷಿಗೆ ಕೈ ಚಾಚಿದಾಗ ವೆಲ್ಡರ್ ಬೇಡವೆನ್ನಲಿಲ್ಲ, ಬಾ ಎನ್ನಲೂ ಇಲ್ಲ. ಬ್ರಷ್ ಮಾತ್ರ ಅಳಿಯನಿಗೆ ಕೊಟ್ಟ. ಅಳಿಯ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಎರಡು ಸಲ ವಾಂತಿ ಮಾಡಿ, ಸಂಜೆಯವರೆಗೂ ತೊಟ್ಟಿ ಉಜ್ಜಿದ. ಮೂಗಣ್ಣ ಸುಮ್ಮನೆ ನಿಂತು ನೋಡಿ ಮನೆಗೆ ಬಂದ.

ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಬಟ್ಟೆ ಮಡಿಸುತ್ತಾ ಕೇಳಿಸಿಕೊಂಡು, "ನಾನು ಮಾಡಿದ ಅಡುಗೇನ ಒಂದು ದಿನಾನಾದ್ರೂ ಚೆನ್ನಾಗಿದೆ ಅಂತ ಸುಳ್ಳು ಹೇಳಿ ನುಂಗಿದ್ರಾ?" ಎಂದಷ್ಟೇ ಕೇಳಿದಳು.

ಅಂಗಡಿ ತಿಂಗಳ ಮೇಲೆ ಮತ್ತೆ ತೆರೆಯಿತು. ಏಜೆಂಟ್ ಬೇರೆ ಕಡೆ ಹೊಸ ಗುಂಪು ಕಟ್ಟಿಕೊಂಡಿದ್ದ. ಡಾಕ್ಟರಮ್ಮ ಬಂದರೂ ಲೋಟ ಮುಟ್ಟುವ ಮುಂಚೆ ನಲ್ಲಿಯ ಬಾಯಿಯನ್ನು ಟಾರ್ಚ್ ಹಾಕಿ ನೋಡುತ್ತಿದ್ದರು. ವೆಲ್ಡರ್ ಮೂಗಣ್ಣನಿಗೂ ಒಂದು ಲೋಟ ತಂದಿಟ್ಟ, ಹೇಗಿದೆ ಎಂದು ಕೇಳದೆ ಹೋದ. ಬಿಯರ್ ಒಳ್ಳೆಯದಿತ್ತು. ಹದವಾಗಿ ಹುರಿದ ಮಾಲ್ಟ್, ಕೊನೆಯಲ್ಲಿ ತೆಳ್ಳನೆಯ ಕಹಿ. ಆದರೂ ಅರ್ಧ ಲೋಟ ದಾಟುವಷ್ಟರಲ್ಲಿ ಆ ಒದ್ದೆ ಬಟ್ಟೆಯ ವಾಸನೆ ಎಲ್ಲಿಂದಲೋ ಏರಿ ಬಂತು. ಲೋಟದಿಂದಲ್ಲ ಎಂದು ಅವನಿಗೆ ಗೊತ್ತಿತ್ತು.

ಹೊಸಬರೊಬ್ಬರು ಹತ್ತಿರ ಬಂದು, ಇವತ್ತು ಯಾವುದು ಚೆನ್ನಾಗಿದೆ, ನೀವೇ ಹೇಳಬೇಕು ಎಂದು ಕೇಳಿದರು.

"ಕುಡಿದು ನೋಡಿ" ಎಂದ ಮೂಗಣ್ಣ. "ಹಿಡಿಸದಿದ್ರೆ ಇಟ್ಟುಬಿಡಿ."