ರಾರಿಟನ್ ಕೊಲ್ಲಿಯ ಕೆಸರಿಗಾಗಿ ಒಂದು ದಿನ

ನಾವಿರುವ ಬ್ರಿಡ್ಜ್‌ವಾಟರ್‌ನಿಂದ ರಾರಿಟನ್ ಕೊಲ್ಲಿಯ ಪರ್ತ್ ಆಂಬೊಯ್ ದೋಣಿಕಟ್ಟೆಗೆ ಸುಮಾರು ಇಪ್ಪತ್ತೈದು ಮೈಲಿ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಸುಮಿತ್ರಾ ಮನೆ ಮುಂದೆ ಕಾರು ತಂದು ನಿಲ್ಲಿಸಿದೆ. ಅವರು ಎಂದಿನಂತೆ ತಡವಾಗಿ, ಕೈಯಲ್ಲಿ ಅವಲಕ್ಕಿ ಡಬ್ಬಿ ಹಿಡಿದು ಬಂದರು.

ನಾವಿಬ್ಬರೂ ಒಂದೇ ಪ್ರಯೋಗಾಲಯದಲ್ಲಿ ಕೆಸರಿನ ಪಾದರಸ ಅಳೆದು ನಿವೃತ್ತರಾದವರು, ದೋಣಿ ಹತ್ತಿದವರಲ್ಲ. ಬರುವ ಬೇಸಿಗೆಯಲ್ಲಿ ನಾರ್ವೆಯ ಉತ್ತರದ ಸಮುದ್ರತಳದಿಂದ ಕೆಸರು ತರಲು ಹೊರಡುವ ಹಡಗಿನಲ್ಲಿ ಸ್ವಯಂಸೇವಕರಿಗೆ ಒಂದೇ ಜಾಗ. ಇಬ್ಬರೂ ಕೇಳಿದ್ದೆವು. ಅಂದು ಕೊಲ್ಲಿಯಲ್ಲಿ ನಮ್ಮ ಕೆಲಸ ನೋಡಿ ಒಬ್ಬರನ್ನು ಆರಿಸುವುದಾಗಿ ತಂಡದ ಮುಖ್ಯಸ್ಥೆ ಅನಿತಾ ಹೇಳಿದ್ದಳು.

"ಥಂಡಿ ಭಾಳ ಅದ, ಒಂದ್ ತುತ್ತು ತಿನ್ರಿ ವಸಂತಾ," ಎಂದರು ಸುಮಿತ್ರಾ.

"ಡ್ರೈವ್ ಮಾಡೋವಾಗ ನಾನು ತಿನ್ನಲ್ಲ."

ಘಮ ಚೆನ್ನಾಗಿತ್ತು. ಅದನ್ನೂ ನನಗೆ ಸಹಿಸಲಾಗಲಿಲ್ಲ.

ದೋಣಿ ಕೊಲ್ಲಿಗಿಳಿದಾಗ ನೀರಿನ ಮೇಲೆ ನಲವತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿ, ಜೊತೆಗೆ ಎದುರುಗಾಳಿ. ಪಾದರಸದ ಮಾದರಿ ತೆಗೆಯಲು ಇಬ್ಬರು ಬೇಕು. 'ಶುದ್ಧ ಕೈ'ಯವರು ಬಾಟಲಿಯನ್ನಷ್ಟೇ ಮುಟ್ಟಬೇಕು. ಹಗ್ಗ, ಕೊಳವೆ, ಹೊರಚೀಲವೆಲ್ಲ 'ಕೊಳೆ ಕೈ'ಯವರ ಪಾಲು. ಹಡಗಿಗೆ ಬೇಕಾಗಿದ್ದದ್ದು ಶುದ್ಧ ಕೈ. ಅನಿತಾ ಮೊದಲ ಸರದಿಯನ್ನು ಸುಮಿತ್ರಾಗೆ ಕೊಟ್ಟಳು.

ಅವರು ಬಾಟಲಿಯ ಮೇಲೆ ಬಾಗಿ ನಕ್ಕರು. ನನಗೆ ಸುಮ್ಮನಿರಲಾಗಲಿಲ್ಲ.

"ಅನಿತಾ, ಅವರ ದವಡೆ ಹಲ್ಲಿಗೆ ಬೆಳ್ಳಿ ಫಿಲ್ಲಿಂಗ್ ಇದೆ. ಅದರಲ್ಲಿ ಪಾದರಸ ಇರತ್ತೆ. ಉಸಿರು ತಾಗಿದ್ರೆ ಸ್ಯಾಂಪಲ್ ಕೆಡತ್ತೆ."

"ಗುಡ್ ಕ್ಯಾಚ್, ಆಂಟಿ! ಸುಮಿತ್ರಾ ಆಂಟಿ, ಓಪನ್ ಪ್ಲೀಸ್."

ಸುಮಿತ್ರಾ ಬಾಯಿ ತೆರೆದರು. ಎಲ್ಲ ಹಲ್ಲೂ ಬಿಳಿ.

"ಚಳಿಗಾಲದಾಗ ತಗಿಸಿ ಬಿಳೇದು ತುಂಬಿಸೇನಿ. ಹಡಗು ಹತ್ತೋದಂದ್ರ ಸುಮ್ನನ? ಈಗ ನಿಮ್ಮ ಬಾಯಿ ತೋರಸ್ರಿ."

ಅನಿತಾ ಫೋನಿನ ಬೆಳಕು ಹಿಡಿದಳು. ಹುಡುಗಿಯಾಗಿದ್ದಾಗ ಮೈಸೂರಿನಲ್ಲಿ ಮೇಲಿನ ದವಡೆ ಹಲ್ಲುಗಳಿಗೆ ಬೆಳ್ಳಿ ತುಂಬಿಸಿದ್ದು ನನಗೆ ಮರೆತೇಹೋಗಿತ್ತು.

"ಎರಡಿದೆ, ಆಂಟಿ. ಸೋ ಸಾರಿ."

"ಮಾಸ್ಕ್ ಹಾಕ್ಕೋತೀನಿ."

"ರೂಲ್ ಅಂದ್ರೆ ರೂಲ್. ನೀವೇ ಹೇಳಿದ್ರಲ್ಲ?"

ನಾನು ಹಗ್ಗ ಹಿಡಿದೆ. ಕೊಳವೆಯಲ್ಲಿ ಕಪ್ಪು ಕೆಸರು ಮೇಲೆ ಬಂತು. ಕೊಳೆತ ಮೊಟ್ಟೆಯ ವಾಸನೆ. ಅದರಲ್ಲಿರುವ ಪಾದರಸ ಕಣ್ಣಿಗೆ ಕಾಣುವುದಿಲ್ಲ. ಸುಮಿತ್ರಾ ಮುಖ ಪಕ್ಕಕ್ಕೆ ತಿರುಗಿಸಿ, ಹನಿ ಚೆಲ್ಲದೆ ಬಾಟಲಿ ಮುಚ್ಚಿದರು. ಕಡೆಯವರೆಗೂ ಅವರ ಕೆಲಸದಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ದಡ ಸೇರುವ ಮೊದಲೇ ಅನಿತಾ ಸುಮಿತ್ರಾರ ಪಾಸ್‌ಪೋರ್ಟಿನ ವಿವರ ಕೇಳುತ್ತಿದ್ದಳು.

ವಾಪಸು ಬರುವಾಗ ಸುಮಿತ್ರಾ ಡಬ್ಬಿ ತೆರೆದು ನನ್ನತ್ತ ಚಾಚಿದರು. "ನಮ್ಮ ಡೆಂಟಿಸ್ಟ್ ನಂಬರ್ ಕೊಡ್ಲೇನ್ರಿ? ಹಡಗು ಮತ್ತೊಮ್ಮೆ ಹೋಗ್ತದ."

ಕಾರಿನ ಕನ್ನಡಿಯಲ್ಲಿ ಕೊಲ್ಲಿ ಒಂದು ಬೂದು ಗೆರೆಯಾಗಿ ಉಳಿದಿತ್ತು.

"ಕೊಡಿ," ಎಂದೆ. "ನೀವು ಹೊರಡೋ ದಿನಕ್ಕೇ ಅಪಾಯಿಂಟ್‌ಮೆಂಟ್ ತೊಗೋತೀನಿ. ಏರ್‌ಪೋರ್ಟ್‌ಗೆ ಬಿಡೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."